ಹೊಗೆಕೊಳವೆಗೆ ಕಿವಿಗೊಟ್ಟ ಕಾಕಾ

ಅವರ ಕಿವಿಗಳು ದೊಡ್ಡವು. ಚಿಕ್ಕಂದಿನಲ್ಲಿ ಚುಚ್ಚಿಸಿದ ತೂತುಗಳು ಹಾಲೆಗಳಲ್ಲಿ ಹಾಗೇ ಉಳಿದಿದ್ದವು. ಒಂಟಿ ಹಾಕುವ ಆ ಜಾಗದಲ್ಲಿ ಎಂಜಿನ್ನಿನ ಮಸಿ ಕೂತು, ದೂರದಿಂದ ನೋಡಿದವರಿಗೆ ಎರಡು ಕರಿಮಣಿ ತೊಟ್ಟಂತೆ ಕಾಣುತ್ತಿತ್ತು. ಬಲಗಿವಿಯ ಮೇಲೆ ಒಂದು ಸೀಮೆಸುಣ್ಣದ ತುಂಡು ಸದಾ ಸಿಕ್ಕಿಸಿರುತ್ತಿತ್ತು. ಮದುವೆ ಊಟಕ್ಕೆ ಹೋದಾಗಲೂ ಅದನ್ನು ತೆಗೆದಿಡಲು ಮರೆಯುತ್ತಿದ್ದರು. "ಇವರ ಕಿವಿ ತಿಕ್ಕಿ ತೊಳದ್ರ ಒಂದು ಬಕೀಟು ನೀರು ಕರ್ರಗಾಗ್ತದವಾ" ಎಂದು ಅವರ ಹೆಂಡತಿ ನನ್ನ ಮುಂದೆ ಎಷ್ಟು ಸಲ ಹೇಳಿದ್ದಾರೋ. ಅವರು ನಕ್ಕು ಇನ್ನೊಂದು ಲೋಟ ಕಾಫಿ ಕೇಳುತ್ತಿದ್ದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಕಾಕು. ನಮ್ಮ ಉಡುಪಿ ಕಡೆ ಹೀಗೆ ಕರೆಯುವ ರೂಢಿಯಿಲ್ಲ. ಅವರು ಧಾರವಾಡದವರು, ತಮ್ಮ ಮನೆಯ ಪದ್ಧತಿಯನ್ನೇ ನನಗೆ ಕಲಿಸಿದ್ದರು. ಕಲ್ಕತ್ತೆಯ ಸದರ್ನ್ ಅವೆನ್ಯೂದಿಂದ ಒಳಗೆ ತಿರುಗುವ ಗಲ್ಲಿಯೊಂದರಲ್ಲಿ ಅಪ್ಪನ ಇಡ್ಲಿ-ದೋಸೆಯ ಹೋಟೆಲು. ಮೇಲಿನ ಮಹಡಿಯಲ್ಲಿ ಒಂದು ಕಡೆ ನಮ್ಮ ಮನೆ, ಇನ್ನೊಂದು ಕಡೆ ಅವರದು. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ ನಿವೃತ್ತರಾದವರು ಊರಿಗೆ ಹಿಂತಿರುಗದೆ ಇಲ್ಲೇ ಉಳಿದುಬಿಟ್ಟಿದ್ದರು. ಯಾಕೆ ಎಂದರೆ, "ಅಲ್ಲಿ ಹೋಗಿ ಏನ್ ಮಾಡ್ಲಿ? ನನ್ನ ಕೈಯಾಗ ಎಂಜಿನ್ ಯಾರ್ ಕೊಡ್ತಾರ?" ಎನ್ನುತ್ತಿದ್ದರು. ಇಲ್ಲಿ ಕೊಡುತ್ತಿದ್ದರು. ಜನರೇಟರು, ನೀರೆತ್ತುವ ಪಂಪು, ಪಕ್ಕದ ಬೀದಿಯ ಡಾಕ್ಟರರ ಹಳೆಯ ಸ್ಕೂಟರು, ಹೀಗೆ ಸದ್ದು ಕೆಟ್ಟ ಯಂತ್ರವೆಲ್ಲ ಅವರ ಬಾಗಿಲಿಗೆ ಬರುತ್ತಿತ್ತು. ಅವರು ಮೊದಲು ಸ್ಪ್ಯಾನರ್ ಎತ್ತುತ್ತಿರಲಿಲ್ಲ. ಕಣ್ಣು ಮುಚ್ಚಿ, ತಲೆ ಒಂದಿಷ್ಟು ವಾಲಿಸಿ ಕೇಳುತ್ತಿದ್ದರು. ಕೇಳಿ ಹೇಳಿದ್ದು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಆ ಕಿವಿಯಿಂದಲೇ ಅವರಿಗೆ ಹೆಸರು, ಮರ್ಯಾದೆ ಎಲ್ಲ.

ನಾನು ಅವರನ್ನು ಸರಿಯಾಗಿ ಗಮನಿಸಿದ್ದು ನಮ್ಮ ಅಡುಗೆಮನೆಯ ಹೊಗೆಯ ದೆಸೆಯಿಂದ. ಆಗಿನ್ನೂ ಶಾಲೆಗೆ ಹೋಗುತ್ತಿದ್ದೆ. ಗಾಳಿ ತಿರುಗಿದ ದಿನ ಚಿಮಣಿಯ ಹೊಗೆಯೆಲ್ಲ ಹಿಂದಕ್ಕೆ ಬಂದು ದೋಸೆ ಹುಯ್ಯುವವರ ಕಣ್ಣು ಕೆಂಪಗಾಗುತ್ತಿತ್ತು. ಕಾಕಾ ದಿನಾ ಬೆಳಗ್ಗೆ ಕಾಫಿಗೆ ಬಂದು ಅಡುಗೆಮನೆಯ ಕಡೆಗೆ ಮುಖ ಮಾಡಿಯೇ ಕೂರುವವರು. ಒಂದು ದಿನ ಅಪ್ಪನಿಗೆ ಹೇಳಿದರು: "ಮಾಲಕರ, ನಿಮ್ಮ ಒಲಿಗೆ ಉಸಿರು ಕಟ್ಟೇದ. ಹಳೀ ಹೊಗಿ ಹೊರಗ ಹೋಗಲಿಲ್ಲಂದ್ರ ಹೊಸಾ ಗಾಳಿ ಒಳಗ ಹೆಂಗ ಬರಬೇಕು?" ಅಪ್ಪ, "ಅದು ಇಪ್ಪತ್ತು ವರ್ಷದಿಂದ ಹಾಗೇ ಉಂಟು ಮಾರಾಯ್ರೆ" ಎಂದು ಕೈ ಒರೆಸಿಕೊಂಡರು. ಕಾಕಾ ಬಿಡಲಿಲ್ಲ. ತಗಡು ತರಿಸಿ, ಮಾಳಿಗೆ ಹತ್ತಿ, ಚಿಮಣಿಯನ್ನು ಒಂದೂವರೆ ಗೇಣು ಎತ್ತರಿಸಿದರು. ಅಷ್ಟೇ. ಮರುದಿನದಿಂದ ಹೊಗೆ ಸರಾಗವಾಗಿ ಮೇಲೆ ಹೋಯಿತು, ಮಂಕಾಗಿದ್ದ ಬೆಂಕಿ ಚುರುಕಾಯಿತು. ಬರೀ ಒಂದೂವರೆ ಗೇಣು ತಗಡಿನಿಂದ ಒಲೆಯ ಬುದ್ಧಿಯೇ ಬದಲಾದದ್ದು ಹೇಗೆ ಎಂದು ಹಿಂದೆ ಬಿದ್ದು ಕೇಳಿದೆ. ನನಗೆ ಪ್ರಶ್ನೆ ಕೇಳುವ ಚಟ ಮೊದಲಿನಿಂದಲೂ ಇದೆ. ಅಮ್ಮ ಅದಕ್ಕಾಗಿ ಬೈದದ್ದುಂಟು. ಕಾಕಾ ಬೈಯಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂರಿಸಿಕೊಂಡರು.

ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿಯ ಹುಚ್ಚು ಹಿಡಿದದ್ದು ಆಮೇಲೆ, ಕಾಲೇಜಿಗೆ ಸೇರಿದ ವರ್ಷ. ಊರಂಚಿನ ಜೋಕಾ ದಾಟಿ ಮುಂದೆ ಹೋದರೆ ಒಂದು ಸಣ್ಣ ರೇಸ್ ಟ್ರ್ಯಾಕ್ ಇತ್ತು. ಅಲ್ಲಿಗೆ ಭಾನುವಾರದ ಊಟ ಅಪ್ಪನ ಹೋಟೆಲಿನಿಂದ ಹೋಗುತ್ತಿತ್ತು: ಚಿತ್ರಾನ್ನ, ಮೊಸರನ್ನ, ಉದ್ದಿನ ವಡೆ. ವ್ಯಾನಿನಲ್ಲಿ ಡಬ್ಬಗಳ ಜೊತೆ ನಾನೂ ಹೋಗುತ್ತಿದ್ದೆ. ನೆಲಕ್ಕೆ ಅಂಟಿಕೊಂಡು ಓಡುವ ಆ ಪುಟ್ಟ ಗಾಡಿಗಳನ್ನು ನೋಡಿ, ಒಂದು ದಿನ ಕೇಳಿಯೇಬಿಟ್ಟೆ. ಟ್ರ್ಯಾಕಿನ ಮಾಲೀಕರು ವಡೆ ತಿನ್ನುತ್ತಲೇ ಹೂಂ ಎಂದರು. ಮಾಲೀಕರು ಬಂಗಾಳಿ, ಧಾರಾಳ ಮನುಷ್ಯ. ನಾಲ್ಕು ತಿಂಗಳಲ್ಲಿ ಅಲ್ಲಿನ ಹುಡುಗರನ್ನೆಲ್ಲ ಹಿಂದೆ ಹಾಕತೊಡಗಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಆಗ ಅವರು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಹಳೆಯ ಟೂ-ಸ್ಟ್ರೋಕ್ ಕಾರ್ಟ್ ತೋರಿಸಿ, ಇದನ್ನು ಸರಿಮಾಡಿಕೊಂಡರೆ ನೀನೇ ಓಡಿಸು ಎಂದರು. ನಾನು ಕಾಕಾನನ್ನು ಕರೆದುಕೊಂಡು ಹೋದೆ.

ಕಾಕಾ ಅದರ ಸುತ್ತ ಎರಡು ಸುತ್ತು ಬಂದು, ಎಂಜಿನ್ನನ್ನು ಬಿಟ್ಟು ಹೊಗೆಕೊಳವೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಟೂ-ಸ್ಟ್ರೋಕ್ ಕಾರ್ಟಿನ ಹೊಗೆಕೊಳವೆ ವಿಚಿತ್ರ ಆಕಾರದ್ದು: ಎಂಜಿನ್ನಿನ ಹತ್ತಿರ ತೆಳ್ಳಗೆ, ನಡುವೆ ಹೊಟ್ಟೆ ಉಬ್ಬಿಸಿಕೊಂಡು, ಕೊನೆಯಲ್ಲಿ ಮತ್ತೆ ತೆಳ್ಳಗೆ. ಅದು ಹೊಗೆ ಹೊರಹಾಕುವ ಕೊಳಾಯಿ, ಅಷ್ಟೇ ಎಂದುಕೊಂಡಿದ್ದೆ ನಾನು. ಕಾಕಾ ಅದನ್ನು ತಟ್ಟಿ ಹೇಳಿದರು:

"ಮೆಟ್ರೋದಾಗ ಬಾಗಿಲಾ ತಗದಾಗ ಏನಾಗ್ತದ ಹೇಳು ತಂಗೀ. ಇಳಿಯೂ ಮಂದಿ ಧಡಾಧಡಾ ಹೊರಗ ಬರ್ತಾರ. ಅವರ ಜೋಡಿ, ಆಗಷ್ಟ ಹತ್ತಿದವರೂ ಒಂದಿಷ್ಟು ಮಂದಿ ಹೊರಗ ಬಂದುಬಿಡ್ತಾರ, ಹೌದಿಲ್ಲೊ?"

"ಹೌದು. ನಾನೇ ಕಾಳಿಘಾಟಿನಲ್ಲಿ ಎರಡು ಸಲ ಹಾಗೆ ಇಳಿದಿದ್ದೇನೆ."

"ಆಗ ಪ್ಲಾಟ್‌ಫಾರ್ಮಿನ್ಯಾಗಿಂದ ಯಾರರೆ ಒಬ್ರು ಜೋರಾಗಿ ನೂಕಿದ್ರ?"

"ವಾಪಸ್ ಒಳಗೆ."

"ಆ ನೂಕೂದು ಬಾಗಿಲಾ ಮುಚ್ಚೂ ಹೊತ್ತಿಗೆ ಸರಿಯಾಗಿ ಬರಬೇಕು. ಮೊದಲ ನೂಕಿದ್ರ ಮತ್ತ ಹೊರಗ ಬೀಳ್ತಾರ. ತಡಾ ಮಾಡಿದ್ರ ಬಾಗಿಲಾ ಮುಚ್ಚಿರ್ತದ."

ಎಂಜಿನ್ನಿನಿಂದ ಹೊರಬಿದ್ದ ಹೊಗೆಯ ಏಟು ಕೊಳವೆಯೊಳಗೆ ಓಡಿ, ಕೊನೆಯ ತೆಳ್ಳನೆಯ ಭಾಗಕ್ಕೆ ಬಡಿದು ಹಿಂದಿರುಗಿ ಬರುತ್ತದೆ. ಬರುವಾಗ, ತಪ್ಪಿಸಿಕೊಂಡು ಹೊರಬಂದಿದ್ದ ಹೊಸ ಪೆಟ್ರೋಲ್-ಗಾಳಿಯನ್ನು ಮತ್ತೆ ಒಳಗೆ ನೂಕುತ್ತದೆ. ಕೊಳವೆ ಉದ್ದವಾಗಿದ್ದರೆ ಆ ಏಟು ತಡವಾಗಿ ಬರುತ್ತದೆ, ನಿಧಾನವಾಗಿ ತಿರುಗುವ ಎಂಜಿನ್ನಿಗೆ ಅದೇ ಸರಿ, ತಿರುವಿನಿಂದ ಎದ್ದು ಬರುವಾಗ ಗಾಡಿ ಜಗ್ಗಿ ಎಳೆಯುತ್ತದೆ. ಕೊಳವೆ ಗಿಡ್ಡವಾದರೆ ಏಟು ಬೇಗ ಬರುತ್ತದೆ, ನೇರ ರಸ್ತೆಯಲ್ಲಿ ಎಂಜಿನ್ ಹುಚ್ಚೆದ್ದು ತಿರುಗುವಾಗ ಅದರ ಲಾಭ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಎಂಜಿನ್ನಿಗೂ ಕೊಳವೆಗೂ ನಡುವೆ ಬೆರಳುದ್ದದ ಒಂದು ಜೋಡುತುಂಡು ಇರುತ್ತದೆ. ಅದನ್ನು ಬದಲಿಸಿದರೆ ಸಾಕು, ಅದೇ ಎಂಜಿನ್ ಬೇರೆಯೇ ಪ್ರಾಣಿ. ಎಂಜಿನ್ ಸರಿಹೋದ ದಿನ ಮಧ್ಯಾಹ್ನ ಮೂರು ಅಳತೆಯ ತುಂಡು ಹಾಕಿ ನನ್ನಿಂದ ಓಡಿಸಿದರು. ಮೂರು ಸಲವೂ ನನ್ನ ಬೆನ್ನಿಗೆ ತಾಗಿದ ಸೀಟಿನ ಒತ್ತು ಬೇರೆ ಬೇರೆಯಾಗಿತ್ತು. ನಾನು ಊಟ ಮರೆತೆ.

ಒಂದೊಂದು ಸುತ್ತು ಮುಗಿಸಿ ಬಂದಾಗಲೂ ಅವರು ಕೇಳುತ್ತಿದ್ದದ್ದು, ಎಷ್ಟು ಹೊತ್ತಾಯಿತು ಎಂದಲ್ಲ. "ಎಲ್ಲೆ ಎಳೀತು? ಎಲ್ಲೆ ಬಿಟ್ಟುಕೊಡ್ತು?" ನಾನು ಹಿಂದಿ, ಬಂಗಾಳಿ, ಇಂಗ್ಲಿಷು ಕಲಸಿ ಏನೋ ಹೇಳುತ್ತಿದ್ದೆ. ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಕೇಳಿದರೆ ಎಲ್ಲ ತಿಳಿಯುತ್ತಿತ್ತು, ಆಡಲು ಹೋದರೆ ನಾಲಿಗೆ ತಡವರಿಸುತ್ತಿತ್ತು. ಕಾಕಾ ತಿದ್ದುತ್ತಿರಲಿಲ್ಲ, ಕಾಯುತ್ತಿದ್ದರು.

ಆ ವರ್ಷದ ಪೂಜೋ ರಜೆಯಲ್ಲಿ, ಎಂದರೆ ದುರ್ಗಾಪೂಜೆಯ ಹೊತ್ತಿನಲ್ಲಿ, ಒಂದು ಫಜೀತಿಯಾಯಿತು. ಟ್ರ್ಯಾಕ್ ಮುಚ್ಚುವುದರಿಂದ ಕಾರ್ಟನ್ನು ತಂದು ಹೋಟೆಲಿನ ಹಿಂದಿನ ಗೋಡೌನಿನಲ್ಲಿ ನಿಲ್ಲಿಸಿದ್ದೆವು. ಮಹಾನವಮಿಯ ಆಯುಧಪೂಜೆ ಅಪ್ಪನಿಗೆ ದೊಡ್ಡ ಹಬ್ಬ. ಗ್ರೈಂಡರು, ಕಾವಲಿ, ವ್ಯಾನು ಎಲ್ಲ ತೊಳೆದು ಬೆಳಗಿಸುವ ಹೊತ್ತಿಗೆ, ನನ್ನ ಕಾರ್ಟಿನ ಕೊಳವೆಯ ತುದಿಯಲ್ಲಿದ್ದ ಸೈಲೆನ್ಸರು ಅವರ ಕಣ್ಣಿಗೆ ಬಿತ್ತು. ಮಗಳ ಗಾಡಿ, ಅದು ಮಾತ್ರ ಮಸಿ ಹಿಡಿದು ಕೂತರೆ ಹೇಗೆ? ಬಿಚ್ಚಿಸಿ, ಹಳೆಯ ಕೊಪ್ಪರಿಗೆಯಲ್ಲಿ ವಾಷಿಂಗ್ ಸೋಡಾ ಹಾಕಿ ಕುದಿಸಿ, ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕಿಸಿದರು. ಒಳಗಿನಿಂದ ಕಪ್ಪು ಹತ್ತಿಯಂಥದ್ದು ಹೊರಗೆ ಬಂತಂತೆ. ಅದು ಸದ್ದು ಹೀರುವ ಗಾಜಿನ ನಾರು ಎಂದು ಯಾರಿಗೆ ಗೊತ್ತು? ಕೊಳಕು ಎಂದು ಪೂರಾ ಕಿತ್ತೆಸೆದರು. ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದರು. ದಶಮಿಯ ಬೆಳಗ್ಗೆ ನಾನು ಎಂಜಿನ್ ಹಚ್ಚಿದ್ದೇ ತಡ, ಗಲ್ಲಿಯ ಕಿಟಕಿಗಳೆಲ್ಲ ಅದುರಿದವು. ಎದುರುಮನೆಯ ಅಜ್ಜಿ ಬಾಲ್ಕನಿಗೆ ಬಂದು ನನ್ನ ಏಳು ತಲೆಮಾರಿಗೂ ಬಂಗಾಳಿಯಲ್ಲಿ ಆಶೀರ್ವಾದ ಮಾಡಿದರು.

"ಎಂತ ಆಯ್ತು? ತೊಳೆದದ್ದು ತಪ್ಪಾ?" ಎಂದು ಅಪ್ಪ ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ನನಗೆ ಅಳುವೇ ಬಂದಿತ್ತು. ಕಾಕಾ ಕೆಳಗಿಳಿದು ಬಂದು, ಸೈಲೆನ್ಸರಿನೊಳಗೆ ಬೆರಳು ಹಾಕಿ ನೋಡಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆಮೇಲೆ ಇದ್ದಕ್ಕಿದ್ದಂತೆ ನಗು ನಿಲ್ಲಿಸಿ, "ತಡೀರಿ. ಇದನ್ನ ಹಿಂಗ ಓಡಿಸಿ ನೋಡಬೇಕಲ್ಲ" ಎಂದರು. ಟ್ರ್ಯಾಕ್ ತೆರೆದ ದಿನ ಹಾಗೇ ಓಡಿಸಿದೆ. ಆಹಾ, ಏನು ಆರ್ಭಟ! ಗಾಡಿ ಹಾರುತ್ತಿದೆ ಎಂದುಕೊಂಡೆ. ಸ್ಟಾಪ್‌ವಾಚ್ ನೋಡಿದರೆ ಮೊದಲಿಗಿಂತ ನಿಧಾನ. ಹೊಸ ನಾರು ತುಂಬಿಸಿ ಮತ್ತೆ ಓಡಿಸಿದಾಗ ಸದ್ದು ಇಳಿಯಿತು, ವೇಗ ಏರಿತು. "ನೋಡಿದ್ಯಾ? ಒದರೂದ ಬ್ಯಾರೆ, ಎಳಿಯೂದ ಬ್ಯಾರೆ. ನಿಮ್ಮಪ್ಪಗ ಥ್ಯಾಂಕ್ಸ್ ಹೇಳು" ಎಂದರು. ಅಪ್ಪ ಆ ವಾರವೆಲ್ಲ ಅವರ ಮೇಜಿಗೆ ತಾವೇ ಕಾಫಿ ತಂದಿಟ್ಟರು.

ಆ ಚಳಿಗಾಲ ಟ್ರ್ಯಾಕಿನಲ್ಲಿ ಹೊಸ ಶೆಡ್ ಎದ್ದಿತು. ತಗಡಿನ ಮಾಡು, ಸಿಮೆಂಟಿನ ನೆಲ, ವೆಲ್ಡಿಂಗಿಗೆ ಬೇರೆ ಮೂಲೆ. ಅಲ್ಲಿನ ಎಲ್ಲ ಕಾರ್ಟುಗಳ ಕೆಲಸವನ್ನೂ ಒಬ್ಬರಿಗೆ ಒಪ್ಪಿಸಿ ಶೆಡ್ಡಿನ ಬೀಗದಕೈ ಕೊಡುತ್ತೇನೆ, ಜನವರಿಯ ದೊಡ್ಡ ಪಂದ್ಯ ಮುಗಿದ ಸಂಜೆ ಹೇಳುತ್ತೇನೆ ಎಂದು ಮಾಲೀಕರು ಸಾರಿದ್ದರು. ಇದ್ದದ್ದು ಇಬ್ಬರೇ: ನಮ್ಮ ಕಾಕಾ, ಮತ್ತೆ ನ್ಯೂ ಟೌನಿನಿಂದ ಬರುತ್ತಿದ್ದ ಒಬ್ಬ ತರುಣ ಎಂಜಿನಿಯರ್. ಆತ ಕೊಳವೆಗೆ ಶಾಖ ಅಳೆಯುವ ತಂತಿ ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ಗೆರೆ ನೋಡುವವನು. ಕಾಕಾಗೆ ಆ ಶೆಡ್ ಬೇಕಾಗಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಹೋದಾಗಲೆಲ್ಲ ಒಳಗೆ ಹೆಜ್ಜೆ ಹಾಕಿ ಅಳೆಯುತ್ತಿದ್ದರು: ಇಲ್ಲಿ ಬೆಂಚು, ಇಲ್ಲಿ ಕೊಳವೆಗಳನ್ನು ತೂಗುಹಾಕುವ ಗೂಟ. ಜನ್ಮವಿಡೀ ಸರ್ಕಾರದ ಶೆಡ್ಡಿನಲ್ಲಿ ದುಡಿದವರಿಗೆ ತಮ್ಮದೇ ಅನ್ನುವ ಒಂದು ಜಾಗ. ಅದನ್ನು ನೋಡಿ ನನಗೂ ಆಸೆ ಹತ್ತಿಕೊಂಡಿತು.

ಡಿಸೆಂಬರಿನ ಒಂದು ಮಧ್ಯಾಹ್ನ ಅವರ ಮನೆಯಲ್ಲಿದ್ದೆ. ಕಾಕು ಒಲೆಯ ಮೇಲೆ ಕುಕ್ಕರ್ ಇಟ್ಟು, "ಮೂರು ಸೀಟಿ ಆದಮ್ಯಾಲ ಆರಸ್ರಿ" ಎಂದು ಅವರಿಗೆ ಹೇಳಿ, ಕರಿಬೇವು ತರಲು ಕೆಳಗೆ ಹೋಟೆಲಿಗೆ ಹೋದರು. ಕಾಕಾ ಒಲೆಯ ಪಕ್ಕದಲ್ಲೇ ಕೂತು ಕಾಗದದ ಮೇಲೆ ಕೊಳವೆ ಬರೆಯುತ್ತಿದ್ದರು. ಒಂದು ಸೀಟಿ, ಎರಡು, ಮೂರು. ಅವರು ತಲೆ ಎತ್ತಲಿಲ್ಲ. ನಾಲ್ಕು. ಐದನೆಯದಕ್ಕೆ ನಾನೇ ಎದ್ದು ಒಲೆ ಆರಿಸಿದೆ. ನನ್ನ ಕೈ ಕಂಡಾಗ ಅವರಿಗೆ ಗೊತ್ತಾಯಿತು.

"ಎಷ್ಟಾದ್ವು?"

"ಐದು ಕಾಕಾ."

ಪೆನ್ಸಿಲನ್ನು ಕಾಗದದ ಮೇಲಿಟ್ಟರು. ಆಮೇಲೆ ಹೇಳಿದರು: "ಮ್ಯಾಲಿನ ಸ್ವರ ಹೋಗ್ಯಾವ ತಂಗೀ. ಎರಡು ವರ್ಷಾತು. ಕೆಳಗಿನ್ವು ಅದಾವ, ಗುಡುಗುಡು ಅನ್ನೂದೆಲ್ಲಾ ಕೇಳಸ್ತದ. ಸೀಟಿ, ಫೋನಿನ ಗಂಟಿ, ಹಿಸ್ ಅನ್ನೂದು, ಇವೆಲ್ಲಾ ಇಲ್ಲ. ಕೆಳಗಿನ್ವು ಕೇಳಿ ಮ್ಯಾಲಿನ್ವು ಅಂದಾಜ್ ಮಾಡ್ತೀನಿ." ಕಿವಿಯ ಮಷೀನು ಹಾಕಿಕೊಳ್ಳಬಾರದೇ ಎಂದೆ. "ಹಾಕ್ಕೊಂಡು ನೋಡೇನಿ. ಎಂಜಿನ್ ಮುಂದ ಅದು ಬರೇ ಗರಗರಾ ಅಂತದ." ಮತ್ತೆ ನನ್ನ ಮುಖ ನೋಡದೆ, "ನಿನ್ನ ಕಾಕುಗ ಗೊತ್ತದ. ಟ್ರ್ಯಾಕಿನಾಗ ಯಾರಿಗೂ ಹೇಳಬ್ಯಾಡ" ಎಂದರು. ಆ ದನಿಯಲ್ಲಿ ಅವರು ಯಾರ ಹತ್ತಿರವೂ ಏನನ್ನೂ ಬೇಡಿದ್ದನ್ನು ನಾನು ಕೇಳಿರಲಿಲ್ಲ.

ಅಲ್ಲಿಂದ ನಮ್ಮಿಬ್ಬರ ಕಳ್ಳಾಟ ಶುರು. ಎಂಜಿನ್ ಹಚ್ಚಿದಾಗ ನಾನು ಪಕ್ಕದಲ್ಲಿ ನಿಲ್ಲಬೇಕು. ಮೇಲಿನ ಸದ್ದಿನಲ್ಲಿ ಏನಾದರೂ ಕೆಡುಕಿದ್ದರೆ ಮೂಗು ಒರೆಸಿಕೊಳ್ಳಬೇಕು. ಅವರು ಕಣ್ಣಂಚಿನಲ್ಲಿ ನೋಡಿ, "ಇಲ್ಲ, ಇನ್ನೂ ಸರಿಯಾಗಿಲ್ಲ" ಎಂದು ತಲೆ ಅಲ್ಲಾಡಿಸುವರು. ಸುತ್ತ ನಿಂತವರು ಆಹಾ ಎನ್ನುವರು. ಒಂದು ತಿಂಗಳು ಹೀಗೇ ನಡೆಯಿತು. ಮೋಸ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಅವರ ಹೆಸರು ಕಾಯುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಜನವರಿಯ ಪಂದ್ಯಕ್ಕೆ ಕಾಕಾ ಹೊಸ ಕೊಳವೆಯನ್ನೇ ಕಟ್ಟಿದ್ದರು. ಮೂರು ವಾರ ಕೂತು, ತಗಡು ಬಗ್ಗಿಸಿ, ತಾವೇ ವೆಲ್ಡ್ ಮಾಡಿದ್ದು. ಗಿಡ್ಡ ಕೊಳವೆ, ಆ ಟ್ರ್ಯಾಕಿನ ಉದ್ದನೆಯ ನೇರ ರಸ್ತೆಯಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಪಂದ್ಯದ ಬೆಳಗ್ಗೆ ಬೇರೆ ಊರುಗಳ ತಂಡಗಳೂ ಬಂದಿದ್ದವು. ಓಟದ ಸಾಲಿಗೆ ಹೋಗುವ ಮುನ್ನ ಕಾರ್ಟನ್ನು ಸ್ಟ್ಯಾಂಡಿನ ಮೇಲೆ ಎತ್ತಿ ಎಂಜಿನ್ ಹಚ್ಚಿದರು. ಕಾಕಾನ ಕಿವಿಯ ಆಟ ನೋಡಲೆಂದೇ ಇಪ್ಪತ್ತು-ಮೂವತ್ತು ಜನ ಸೇರಿದ್ದರು. ಆ ತರುಣ ಎಂಜಿನಿಯರನೂ ಇದ್ದ. ಮಾಲೀಕರು, "ದಾದಾ, ಠೀಕ್ ಹೈ?" ಎಂದು ಕೇಳಿದರು. ಅವತ್ತು ಅವರಿಗೆ ಏನು ಉಮೇದು ಬಂದಿತ್ತೋ, ನನ್ನ ಕಡೆ ನೋಡುವ ಮೊದಲೇ, "ಏಕ್‌ದಮ್ ಠೀಕ್" ಎಂದುಬಿಟ್ಟರು.

ಸರಿಯಿರಲಿಲ್ಲ. ಎಂಜಿನ್ನಿನ ಗದ್ದಲದ ಮೇಲೆ, ತೆಳ್ಳಗೆ, ಸುಯ್ ಎನ್ನುವ ಒಂದು ಸದ್ದಿತ್ತು. ಎಂಜಿನ್ ಏರಿಸಿದರೆ ಅದೂ ಏರುತ್ತಿತ್ತು. ಕೊಳವೆ ಎಂಜಿನ್ನಿಗೆ ಸೇರುವ ಕುತ್ತಿಗೆಯಿಂದಲೇ ಬರುತ್ತಿದೆ ಎಂದು ನನಗೆ ಖಚಿತವಾಗಿತ್ತು. ನಾನು ಮೂಗು ಒರೆಸಿಕೊಳ್ಳಬೇಕಾಗಿತ್ತು. ಆದರೆ ಅವರು ಎಲ್ಲರ ಮುಂದೆ ಸರಿಯಿದೆ ಎಂದು ಹೇಳಿ ಆಗಿದೆ. ಈಗ ನಾನು ಕೈ ಎತ್ತಿದರೆ ಅವರು ಮಾತು ಹಿಂದೆ ತೆಗೆದುಕೊಳ್ಳಬೇಕು, ಮೂವತ್ತು ಜನ ನೋಡುತ್ತಾರೆ, ಶೆಡ್ ಹೋಗುತ್ತದೆ. ಹತ್ತು ಸುತ್ತು ತಾನೇ, ಹೇಗೋ ತಡೆದೀತು ಎಂದುಕೊಂಡೆ. ಕೈಯನ್ನು ಕೆಳಗೇ ಇಟ್ಟುಕೊಂಡು ನೆಲ ನೋಡುತ್ತ ಹೆಲ್ಮೆಟ್ ಹಾಕಿಕೊಂಡೆ.

ಕಾಕಾ ನನ್ನನ್ನೇ ನೋಡುತ್ತಿದ್ದರು. ನಾನು ನೋಟ ತಪ್ಪಿಸಿದ್ದನ್ನೂ ನೋಡಿದರು. ಬಗ್ಗಿ ಎಂಜಿನ್ ಆರಿಸಿದರು. ಅಷ್ಟು ಜನರ ನಡುವೆ ನೆಟ್ಟಗೆ ನಿಂತು, ಮಾಲೀಕರ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು: "ಮುಝೆ ಊಪರ್ ಕಾ ಆವಾಜ್ ಸುನಾಯಿ ನಹೀಂ ದೇತಾ. ದೋ ಸಾಲ್ ಸೇ. ಮೈನೆ ಝೂಟ್ ಬೋಲಾ." ಮೇಲಿನ ಸದ್ದು ತನಗೆ ಕೇಳಿಸುವುದಿಲ್ಲ, ಎರಡು ವರ್ಷದಿಂದ, ತಾನು ಸುಳ್ಳು ಹೇಳಿದೆ ಎಂದು. ಆಮೇಲೆ ನನಗೆ, ಕನ್ನಡದಲ್ಲಿ, ಮೆಲ್ಲಗೆ: "ಹೆಲ್ಮೆಟ್ ತಗಿ. ಏನ್ ಕೇಳಿಸ್ತು ಹೇಳು."

"ಸುಯ್ ಅಂತಿದೆ ಕಾಕಾ. ಕುತ್ತಿಗೆ ಹತ್ತಿರ."

ಒದ್ದೆ ಬಟ್ಟೆಯಲ್ಲಿ ಕುತ್ತಿಗೆ ಒರೆಸಿದರು. ವೆಲ್ಡ್ ಮಾಡಿದ ಜಾಗದಲ್ಲಿ ಕೂದಲೆಳೆಯ ಬಿರುಕು, ಅರ್ಧ ಸುತ್ತು ಬಂದಿತ್ತು. ಓಟದ ನಡುವೆ ಮುರಿದಿದ್ದರೆ ಆ ಸುಡುವ ಕೊಳವೆ ನನ್ನ ಹಿಂದೆ ಬರುವವರ ಮುಂದೆ ಬೀಳುತ್ತಿತ್ತು, ನನ್ನ ಗಾಡಿಯೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆ ಎಂಜಿನಿಯರ್ ಬಗ್ಗಿ ನೋಡಿ, ತುಟಿ ಕಚ್ಚಿಕೊಂಡು, ಸ್ಪ್ಯಾನರ್ ಹಿಡಿದು ಸಹಾಯಕ್ಕೆ ಕೂತ. ಹಳೆಯ ಉದ್ದ ಕೊಳವೆಯನ್ನೇ ಸಿಕ್ಕಿಸಿದರು. ತಿರುವುಗಳಲ್ಲಿ ಎಲ್ಲರನ್ನೂ ಹಿಡಿದೆ, ನೇರ ರಸ್ತೆಯಲ್ಲಿ ಎಲ್ಲರೂ ನನ್ನನ್ನು ಬಿಟ್ಟು ಹೋದರು. ಆರನೆಯವಳಾದೆ. ಕಾಕಾ ಓಡಿ ಬಂದು ಕೇಳಿದ್ದು, "ಮೂರನೇ ತಿರುವಿನಾಗ ಎಷ್ಟು ಎಳೀತು?"

ಸಂಜೆ ಬೀಗದಕೈ ಎಂಜಿನಿಯರನ ಕೈಗೆ ಹೋಯಿತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಮಾಲೀಕರು ಕಾಕಾನ ಬಾಯಿಗೆ ಸಂದೇಶ್ ಮಿಠಾಯಿ ಇಟ್ಟು, ಕಾಲು ಮುಟ್ಟಿ, "ದಾದಾ, ಅಬ್ ಆರಾಮ್ ಕರೋ" ಎಂದರು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಸುದ್ದಿ ನಮ್ಮ ಗಲ್ಲಿಯವರೆಗೂ ಬಂತು. ಜನರೇಟರಿನವರು, ಪಂಪಿನವರು ಒಬ್ಬೊಬ್ಬರೇ ಬರುವುದು ಬಿಟ್ಟರು. ಬೆಳಗ್ಗೆ ಕಾಫಿಗೆ ಬಂದು ಕೂತ ಕಾಕಾನ ಎದುರು ಯಾರೂ ಯಾವ ಯಂತ್ರದ ಮಾತೂ ಎತ್ತುತ್ತಿರಲಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.

ಹದಿನೈದು ದಿನ ಕಳೆದ ಮೇಲೆ ಅವರೇ ನಮ್ಮ ಬಾಗಿಲು ತಟ್ಟಿದರು. "ಸುಳ್ಳ ಹೇಳೂ ಕೆಲಸಾ ತಪ್ಪಿತಲ್ಲ, ಇನ್ನ ಹೊತ್ತು ಭಾಳ ಉಳೀತದ. ಒಂದು ಪ್ರಶ್ನೆ ಹಂಗ ಉಳದದ. ಬರ್ತಿ ಏನು?" ಪ್ರಶ್ನೆ ಇದು: ಅದೇ ಕೊಳವೆ, ಅದೇ ಎಂಜಿನ್, ಮೊದಲ ಮೂರು ಸುತ್ತು ಒಂದು ಥರ, ಆಮೇಲೆ ಇನ್ನೊಂದು ಥರ ಓಡುತ್ತದೆ, ಯಾಕೆ? ಇದಕ್ಕಾಗಿ ನಾವು ಎಷ್ಟೋ ಭಾನುವಾರ ಕಳೆದೆವು. ಅವರಿಗೆ ಕೇಳಿಸದ್ದನ್ನು ನಾನು ಕೇಳಿ ಹೇಳಬೇಕು. "ಶ್ರಿಲ್ ಆಗಿದೆ" ಎಂದು ಇಂಗ್ಲಿಷ್ ಬೆರೆಸಿ ಹೇಳಿದರೆ ಒಪ್ಪುತ್ತಿರಲಿಲ್ಲ. "ಹಂಗಂದ್ರ? ಯಾವ ಸದ್ದಿನ ಹಂಗ?" ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ. ಗಂಜಿ ಹಾಕಿದ ಸೀರೆಯ ಮಡಿಕೆ ಬಿಚ್ಚಿದ ಹಾಗೆ. ಹೀಗೆ ಒಂದೊಂದು ಸದ್ದಿಗೂ ಕನ್ನಡ ಹುಡುಕುತ್ತ ನನ್ನ ನಾಲಿಗೆ ತಿರುಗಿತು. ಈಗ ಇದನ್ನು ಬರೆಯುತ್ತಿರುವ ಕನ್ನಡ ಅಲ್ಲಿ ಕಲಿತದ್ದು.

ಉತ್ತರ ಸಿಕ್ಕಿತು. ಬಿಸಿಯಾದ ಹೊಗೆಯಲ್ಲಿ ಆ ಏಟು ಜೋರಾಗಿ ಓಡುತ್ತದೆ, ಬೇಗ ಹಿಂದಿರುಗುತ್ತದೆ. ಅಂದರೆ ಕೊಳವೆ ಕಾದಷ್ಟೂ, ಕತ್ತರಿಸದೆಯೇ, ಗಿಡ್ಡವಾದ ಹಾಗೆ ನಡೆದುಕೊಳ್ಳುತ್ತದೆ. ಆ ಎಂಜಿನಿಯರ್ ಒಂದು ದಿನ ತಂತಿ, ಲ್ಯಾಪ್‌ಟಾಪ್ ಹೊತ್ತು ನಮ್ಮ ಮೆಟ್ಟಿಲು ಹತ್ತಿ ಬಂದ. ಅವನ ಗೆರೆಗಳೂ ಅದನ್ನೇ ಹೇಳಿದವು. ಕಾಕಾ ಅವನ ಬೆನ್ನು ತಟ್ಟಿ, ಪಡ್ಡು ತಿನ್ನಿಸಿ ಕಳಿಸಿದರು. ಆದರೆ ಆ ಶೆಡ್ಡಿನ ಒಳಗೆ ಅವರು ಮತ್ತೆ ಹೆಜ್ಜೆ ಇಡಲಿಲ್ಲ.

ಮೂರು ವರ್ಷದ ಮೇಲೆ ಅವರ ಎದೆ ಸೋತಿತು. ಕೊನೆಯ ತಿಂಗಳು ಮನೆಯಲ್ಲೇ ಮಲಗಿದ್ದರು, ಆ ಹೊತ್ತಿಗೆ ಕೆಳಗಿನ ಸ್ವರಗಳೂ ಕೈಬಿಟ್ಟಿದ್ದವು. ಒಂದು ಭಾನುವಾರ ಟ್ರ್ಯಾಕಿನಿಂದ ನೇರ ಅವರ ಹತ್ತಿರ ಹೋದೆ. ಕಾಕು ಒಳಗಿದ್ದರು. ಅಷ್ಟು ವರ್ಷ ನುಂಗಿಕೊಂಡದ್ದು ಅವತ್ತು ಹೊರಗೆ ಬಂತು.

"ಕಾಕಾ, ಅವತ್ತು ನನಗೆ ಕೇಳಿಸಿತ್ತು. ಬೇಕಂತಲೇ ಸುಮ್ಮನಿದ್ದೆ. ನಾನು ಆಗಲೇ ಮೂಗು ಒರೆಸಿಕೊಂಡಿದ್ದರೆ ನೀವು ಏನಾದರೂ ನೆವ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಶೆಡ್ ನಿಮ್ಮದಾಗುತ್ತಿತ್ತು."

ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಹೇಳಿದರು:

"ಗೊತ್ತದವಾ. ನೀ ಹೆಲ್ಮೆಟ್ ಹಾಕ್ಕೊಂಡಾಗನ ಗೊತ್ತಾತು. ನನ್ನ ಹೆಸರಿನ ಸಲುವಾಗಿ ಕೂಸು ಜೀವಾ ಕೊಡಲಿಕ್ಕೆ ಹೊಂಟದ. ಅಂಥಾ ಹೆಸರು ಇಟಗೊಂಡು ನಾ ಏನ್ ಮಾಡ್ಲಿ?"

ನಾನು ಅವರ ಹಾಸಿಗೆಯ ಅಂಚಿಗೆ ತಲೆಯಿಟ್ಟು ಅತ್ತೆ. ಅವರು ತಡೆಯಲಿಲ್ಲ. ಅಳು ನಿಂತ ಮೇಲೆ, "ಇವತ್ತ ಯಾವ ಪೈಪ್ ಹಾಕಿದ್ದಿ?" ಎಂದರು. ಗಿಡ್ಡದ್ದು ಎಂದೆ. "ಹೆಂಗ ಕೇಳಿಸ್ತು?" ಎಂದರು. ಅವರು ಕಣ್ಣು ಮುಚ್ಚಿಕೊಳ್ಳುವಂತಿರಲಿಲ್ಲ, ತುಟಿ ನೋಡಬೇಕಿತ್ತು. ಹಾಗಾಗಿ ಅವರ ಮುಖಕ್ಕೆ ಮುಖವಿಟ್ಟು, ಮೊದಲ ತಿರುವಿನಿಂದ ಶುರುಮಾಡಿ ಒಂದೊಂದೇ ಸದ್ದು ಹೇಳುತ್ತ ಹೋದೆ. ಆರು ದಿನದ ಮೇಲೆ ಅವರು ತೀರಿಕೊಂಡರು.

ಈಗ ಭಾನುವಾರಗಳಲ್ಲಿ ಕಾರ್ಟಿನವರು ಎಂಜಿನ್ ಹಚ್ಚಿ, ದೀದಿ ಸರಿಯಿದೆಯಾ ಎಂದು ನನ್ನನ್ನು ಕೇಳುತ್ತಾರೆ. ತಿಳಿಯದಿದ್ದರೆ, ತಿಳಿಯಲಿಲ್ಲ ಎನ್ನುತ್ತೇನೆ. ಸುತ್ತ ಇಬ್ಬರು ಮೂವರು ನಿಂತಿದ್ದರೂ ಆ ಮಾತು ಬಾಯಿಂದ ಹೊರಡಲು ಎಷ್ಟು ತಿಣುಕಬೇಕಾಗುತ್ತದೆ. ಕಾಕಾ ಅಂಥ ಮಾತನ್ನು ಮೂವತ್ತು ಜನರ ಎದುರು ಹೇಳಿದ್ದರು, ನನಗಾಗಿ.